ಬೆಂಗಳೂರಿಗೆ ಹೊರಟಿದ್ದೀರಾ? ಎಲ್ಲಿ ಇಳೀಬೇಕು, ಏನು ಹತ್ತಬೇಕು: ತುಮಕೂರು ಜಿಲ್ಲೆಯವರಿಗೆ ಬಸ್, ಮೆಟ್ರೋ, ಆಟೋ ಕೈಪಿಡಿ

ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿ.ಮೀ. ಬಸ್ಸಲ್ಲಿ ಕೂತರೆ ನೆಲಮಂಗಲದವರೆಗೆ ಬಂದಿದ್ದೇ ಗೊತ್ತಾಗಲ್ಲ. ಕಷ್ಟ ಶುರುವಾಗೋದು ಅಲ್ಲಿಂದ ಮುಂದೆ. ಗೊರಗುಂಟೆಪಾಳ್ಯದಿಂದ ಮೆಜೆಸ್ಟಿಕ್‌ಗೆ ಬೆಳಗ್ಗೆ ಹೊತ್ತಲ್ಲಿ ಎಷ್ಟು ಟೈಂ ಆಗುತ್ತೆ ಅಂತ ಡ್ರೈವರೂ ಹೇಳೋಕಾಗಲ್ಲ.

ಜಿಲ್ಲೆಯಿಂದ ದಿನಾ ಬೆಂಗಳೂರಿಗೆ ಹೋಗೋರಲ್ಲಿ ಬಹುಪಾಲು ಜನರಿಗೆ ಮೂರೇ ಕೆಲಸ: ಆಸ್ಪತ್ರೆ, ಅಂಗಡಿಗೆ ಮಾಲು, ಸರ್ಕಾರಿ ಕಚೇರಿ. ಮೂರಕ್ಕೂ ಟೈಂ ಮುಖ್ಯ. ಆಸ್ಪತ್ರೆಯಲ್ಲಿ ಬೆಳಗಿನ ಚೀಟಿ ತಪ್ಪಿದ್ರೆ ಆ ದಿನ ಹೋಯ್ತು, ರೋಗಿ ಜೊತೆ ಇನ್ನೊಂದು ದಿನ ಬರಬೇಕು. ಚಿಕ್ಕಪೇಟೆಯಲ್ಲಿ ಮಾಲು ಕಟ್ಟಿಸೋದು ತಡವಾದ್ರೆ ವಾಪಸ್ ಬಸ್ಸಿನಲ್ಲಿ ಸೀಟು ಸಿಗಲ್ಲ. ಕಚೇರಿಯಲ್ಲಿ ಸಾಹೇಬ್ರು ಊಟಕ್ಕೆ ಎದ್ದರೆ ಮತ್ತೆ ಸಂಜೆವರೆಗೂ ಕಾಯಬೇಕು.

ಆದರೂ ಹೆಚ್ಚಿನವರು ಮಾಡೋದು ಒಂದೇ. ಎಲ್ಲಿಗೆ ಹೋಗಬೇಕಿದ್ರೂ ಕಣ್ಣು ಮುಚ್ಚಿ ಮೆಜೆಸ್ಟಿಕ್‌ವರೆಗೆ ಟಿಕೆಟ್ ತಗೊಂಡು, ಅಲ್ಲಿ ಇಳಿದು, ಯಾರನ್ನೋ ಕೇಳಿ ಆಟೋ ಹತ್ತೋದು. ಈಗ ಹಾಗೆ ಮಾಡಬೇಕಾದ ಅಗತ್ಯ ಇಲ್ಲ. ತುಮಕೂರು ರಸ್ತೆ ಪಕ್ಕದಲ್ಲೇ ಮೆಟ್ರೋ ಇದೆ. ಮೊದಲು ಕೆಲಸ ಎಲ್ಲಿದೆ ಅಂತ ನೋಡಿ, ಆಮೇಲೆ ಎಲ್ಲಿ ಇಳೀಬೇಕು ಅಂತ ತೀರ್ಮಾನ ಮಾಡಿದ್ರೆ ಅರ್ಧ ದಿನ ಉಳಿಯುತ್ತೆ.

ಎಲ್ಲಿ ಇಳಿಯಬೇಕು?

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಗುಬ್ಬಿ, ತಿಪಟೂರು, ಕುಣಿಗಲ್ ಕಡೆಯಿಂದ ಬರುವ ಬಸ್ಸುಗಳು ಬಹುಪಾಲು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲೇ ಬೆಂಗಳೂರು ಸೇರ್ತವೆ. ಈ ರಸ್ತೆಯಲ್ಲಿ ಮೆಟ್ರೋದ ಹಸಿರು ಮಾರ್ಗ ಇದೆ. ನಿಲ್ದಾಣಗಳು ನೆಲಮಂಗಲ ಕಡೆಯಿಂದ ಈ ಕ್ರಮದಲ್ಲಿ ಬರ್ತವೆ: ಮಾದಾವರ, ಚಿಕ್ಕಬಿದರಕಲ್ಲು, ಮಂಜುನಾಥನಗರ, ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ. ನಾಗಸಂದ್ರದಿಂದ ಮಾದಾವರದವರೆಗಿನ ಭಾಗ 2024ರ ನವೆಂಬರ್ 7ರಂದು ಶುರುವಾಯ್ತು.

ಇಲ್ಲಿ ಒಂದು ವಿಷಯ ಗಮನ ಇರಲಿ. ನಾಗಸಂದ್ರ ಹತ್ತಿರ ಪೀಣ್ಯ ಫ್ಲೈಓವರ್ ಶುರುವಾಗಿ ಗೊರಗುಂಟೆಪಾಳ್ಯದ ಹತ್ತಿರ ಇಳಿಯುತ್ತೆ. ಎಕ್ಸ್‌ಪ್ರೆಸ್ ಬಸ್ಸುಗಳು ಫ್ಲೈಓವರ್ ಮೇಲೆ ಹೋದ್ರೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್‌ನಲ್ಲಿ ನಿಲ್ಲಲ್ಲ, ನೇರ ಗೊರಗುಂಟೆಪಾಳ್ಯಕ್ಕೇ ಬರ್ತವೆ. ಕೆಳಗಿನ ರಸ್ತೆಯಲ್ಲಿ ಹೋದ್ರೆ ಎಲ್ಲಾ ಕಡೆ ನಿಲ್ತವೆ, ಆದ್ರೆ ಸಿಗ್ನಲ್‌ನಲ್ಲಿ ಸಿಕ್ಕಿಕೊಳ್ತವೆ. ಹಾಗಾಗಿ ಬಸ್ ಹತ್ತುವಾಗಲೇ ಕಂಡಕ್ಟರ್‌ನ ಕೇಳಿ: "ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?" ಮೇಲೆ ಅಂದ್ರೆ ಗೊರಗುಂಟೆಪಾಳ್ಯಕ್ಕೆ ಟಿಕೆಟ್ ತಗೊಳ್ಳಿ. ಕೆಳಗೆ ಅಂದ್ರೆ ಜಾಲಹಳ್ಳಿ ಕ್ರಾಸ್‌ನಲ್ಲೇ ಇಳಿದು ಮೆಟ್ರೋ ಹತ್ತಬಹುದು.

ಗೊರಗುಂಟೆಪಾಳ್ಯದಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್ 8ನೇ ನಿಲ್ದಾಣ. ಹದಿನೈದು, ಇಪ್ಪತ್ತು ನಿಮಿಷದ ದಾರಿ. ಮಳೆ ಬರಲಿ, ಜಾಮ್ ಆಗಲಿ, ಈ ಟೈಂ ಹೆಚ್ಚುಕಮ್ಮಿ ಆಗೋದು ಕಡಿಮೆ.

ರೈಲಲ್ಲಿ ಬರೋರಿಗೂ ಇದೇ ಲೆಕ್ಕ. ತಿಪಟೂರು, ಗುಬ್ಬಿ, ತುಮಕೂರು ಕಡೆಯ ರೈಲು ಯಶವಂತಪುರದಲ್ಲಿ ನಿಂತರೆ ಅಲ್ಲೇ ಇಳಿದು ಎದುರಿನ ಮೆಟ್ರೋ ಹಿಡಿಯಬಹುದು. ಸಿಟಿ ರೈಲು ನಿಲ್ದಾಣದವರೆಗೆ ಹೋದ್ರೂ ತೊಂದರೆ ಇಲ್ಲ, ಅಲ್ಲಿ ನೇರಳೆ ಮಾರ್ಗದ ಮೆಟ್ರೋ ನಿಲ್ದಾಣ ಪಕ್ಕದಲ್ಲೇ ಇದೆ, ಮೆಜೆಸ್ಟಿಕ್ ಬಸ್ ನಿಲ್ದಾಣ ಎದುರಿಗೇ ಇದೆ.

ಸ್ವಂತ ಬೈಕು, ಕಾರಲ್ಲಿ ಬರೋರು ನಾಗಸಂದ್ರ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಗಾಡಿ ಬಿಟ್ಟು ಮೆಟ್ರೋದಲ್ಲಿ ಒಳಗೆ ಹೋಗಬಹುದು. ಚಿಕ್ಕಪೇಟೆಯಲ್ಲಿ ಪಾರ್ಕಿಂಗ್ ಹುಡುಕೋ ಸಂಕಟ ಗೊತ್ತಿದ್ದವರು ಇದನ್ನೇ ಮಾಡ್ತಾರೆ.

ಮೆಜೆಸ್ಟಿಕ್‌ಗೇ ಹೋಗಬೇಕಾದವರು ಯಾರು?

ತುಂಬಾ ವಯಸ್ಸಾದವರು, ನಡೆಯೋಕೆ ಆಗದ ರೋಗಿ ಜೊತೆಗಿರೋರು, ದೊಡ್ಡ ಲಗೇಜು ಇರೋರು ಬಸ್ಸಲ್ಲೇ ಮೆಜೆಸ್ಟಿಕ್‌ವರೆಗೆ ಹೋಗೋದು ಒಳ್ಳೇದು. ಗೊರಗುಂಟೆಪಾಳ್ಯದಲ್ಲಿ ಬಸ್ ಇಳಿದು ರಸ್ತೆ ದಾಟಿ ಮೆಟ್ರೋ ಮೆಟ್ಟಿಲವರೆಗೆ ನಡೆಯೋದು ಎಲ್ಲರಿಗೂ ಆಗಲ್ಲ. ನಿಲ್ದಾಣದಲ್ಲಿ ಲಿಫ್ಟ್ ಇರುತ್ತೆ, ಆದರೆ ಲಿಫ್ಟ್‌ವರೆಗೆ ಹೋಗಬೇಕಲ್ಲ.

ಟಿಕೆಟ್ ದುಡ್ಡನ್ನೇ ನೋಡೋ ಮಹಿಳೆಯರಿಗೂ ಬಸ್ಸೇ ಲಾಭ. ಶಕ್ತಿ ಯೋಜನೆ ಮೆಟ್ರೋಗೆ ಇಲ್ಲ. ಈ ವಿಷಯ ಗೊತ್ತಿಲ್ಲದೆ ಮೆಟ್ರೋ ಕೌಂಟರ್‌ನಲ್ಲಿ ಆಧಾರ್ ಕಾರ್ಡ್ ತೋರಿಸೋರು ಈಗಲೂ ಇದ್ದಾರೆ.

ಹೆಸರಿನ ಗೊಂದಲ: ಮೊದಲೇ ತಿಳ್ಕೊಳ್ಳಿ

ಬೆಂಗಳೂರಲ್ಲಿ ದಾರಿ ತಪ್ಪೋದಕ್ಕೆ ದೊಡ್ಡ ಕಾರಣ ಹೆಸರುಗಳು. ಜನ ಹೇಳೋದೊಂದು, ಬೋರ್ಡಲ್ಲಿ ಇರೋದೊಂದು.

ಮೆಜೆಸ್ಟಿಕ್: ಇದು ಹಳೇ ಚಿತ್ರಮಂದಿರದಿಂದ ಬಂದ ಹೆಸರು. ಬಸ್ ನಿಲ್ದಾಣದ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಮೆಟ್ರೋದಲ್ಲಿ ನಾಡಪ್ರಭು ಕೆಂಪೇಗೌಡ ನಿಲ್ದಾಣ ಅಂತ ಹೇಳ್ತಾರೆ. ಎರಡೂ ಒಂದೇ ಕಡೆ. ಆದರೆ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ದೇವನಹಳ್ಳಿ ಕಡೆ ಇದೆ. ಆಟೋದವರಿಗೆ ಬರೀ "ಕೆಂಪೇಗೌಡ" ಅನ್ನಬೇಡಿ, "ಮೆಜೆಸ್ಟಿಕ್" ಅನ್ನಿ.

ಸಿಟಿ ರೈಲು ನಿಲ್ದಾಣ: ಟಿಕೆಟ್‌ನಲ್ಲಿ ಕೆಎಸ್‌ಆರ್ ಬೆಂಗಳೂರು ಅಂತ ಇರುತ್ತೆ. ಅದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಮೆಜೆಸ್ಟಿಕ್ ಎದುರಿಗೆ.

ಎಸ್‌ಎಂವಿಟಿ: ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. 2022ರ ಜೂನ್‌ನಲ್ಲಿ ಶುರುವಾದ ಹೊಸ ರೈಲು ನಿಲ್ದಾಣ, ಬೈಯಪ್ಪನಹಳ್ಳಿ ಭಾಗದಲ್ಲಿದೆ. ದೂರದ ರಾಜ್ಯಗಳಿಗೆ ಹೋಗುವ ಹಲವು ರೈಲು ಇಲ್ಲಿಂದ ಹೊರಡ್ತವೆ. ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣಕ್ಕೆ ಇದು ಅಂಟಿಕೊಂಡಿಲ್ಲ, ಮೆಟ್ರೋ ಇಳಿದ ಮೇಲೂ ಬಸ್ಸೋ ಆಟೋನೋ ಬೇಕು. ಇದಲ್ಲದೆ ನೇರಳೆ ಮಾರ್ಗದಲ್ಲಿ ಸೆಂಟ್ರಲ್ ಕಾಲೇಜು ಹತ್ತಿರ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮೆಟ್ರೋ ನಿಲ್ದಾಣ ಬೇರೆ ಇದೆ. ರೈಲು ಹಿಡಿಯೋಕೆ ಅಂತ ಅಲ್ಲಿ ಇಳಿದ್ರೆ ರೈಲು ತಪ್ಪಿದಂಗೇ.

ಕೆ.ಆರ್. ಹೆಸರು: ಕೆ.ಆರ್. ಮಾರ್ಕೆಟ್ ಬೇರೆ, ಕೆ.ಆರ್. ಸರ್ಕಲ್ ಬೇರೆ, ಕೆ.ಆರ್. ಪುರ ಬೇರೆ. ಮಾರ್ಕೆಟ್ ಊರೊಳಗೆ, ಸರ್ಕಲ್ ವಿಧಾನಸೌಧದ ಹತ್ತಿರ, ಪುರ ಊರಿನ ಪೂರ್ವಕ್ಕೆ ಹಳೇ ಮದ್ರಾಸ್ ರಸ್ತೆಯಲ್ಲಿ.

ಮೈಸೂರು ರಸ್ತೆ: ಮಂಡ್ಯ, ಮೈಸೂರು, ಕೊಡಗು ಕಡೆ ಹೋಗೋ ಬಸ್ಸುಗಳಿಗೆ ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣ ಇದೆ. ಅದಕ್ಕೆ ಹತ್ತಿರ ಇರೋದು ದೀಪಾಂಜಲಿನಗರ ಮೆಟ್ರೋ. ಹೆಸರು ನೋಡಿ "ಮೈಸೂರು ರಸ್ತೆ" ಮೆಟ್ರೋದಲ್ಲಿ ಇಳಿದವರು ಹಿಂದಕ್ಕೆ ನಡೆಯಬೇಕಾಗುತ್ತೆ.

ಮೆಟ್ರೋ: ಮೂರು ಬಣ್ಣ, ಎರಡು ಕಡೆ ಬದಲಾವಣೆ

ಹಸಿರು: ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ. ನಮ್ಮ ಜಿಲ್ಲೆಯವರು ಹತ್ತೋದು ಇದನ್ನೇ.

ನೇರಳೆ: ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ. 2023ರ ಅಕ್ಟೋಬರ್ 9ರಿಂದ ಪೂರ್ತಿ ಓಡ್ತಿದೆ.

ಹಳದಿ: ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ, 16 ನಿಲ್ದಾಣ. 2025ರ ಆಗಸ್ಟ್ 10ರಂದು ಉದ್ಘಾಟನೆ ಆಯ್ತು. ಶುರುವಿನಲ್ಲಿ ರೈಲು ಕಡಿಮೆ ಇದ್ದು 25 ನಿಮಿಷಕ್ಕೊಂದು ಬರ್ತಿತ್ತು, ಹೊಸ ರೈಲು ಸೇರಿದ ಹಾಗೆ ಅಂತರ ಕಡಿಮೆ ಆಗ್ತಾ ಬಂತು. ಆದರೂ ಕೈಯಲ್ಲಿ ಸ್ವಲ್ಪ ಹೆಚ್ಚು ಟೈಂ ಇಟ್ಕೊಂಡೇ ಹೋಗಿ.

ಹಸಿರಿನಿಂದ ನೇರಳೆಗೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಹಸಿರಿನಿಂದ ಹಳದಿಗೆ ಆರ್.ವಿ. ರಸ್ತೆಯಲ್ಲಿ. ಬದಲಾಯಿಸುವಾಗ ಗೇಟಿನಿಂದ ಹೊರಗೆ ಬರಬಾರದು. ಮೊದಲೇ ಕೊನೆ ನಿಲ್ದಾಣದವರೆಗೆ ಟಿಕೆಟ್ ತಗೊಂಡಿರ್ತೀರಿ, ಒಳಗೇ ಬೋರ್ಡು ನೋಡ್ಕೊಂಡು ಇನ್ನೊಂದು ಪ್ಲಾಟ್‌ಫಾರಂಗೆ ಹೋಗೋದು ಅಷ್ಟೇ. ಹೊರಗೆ ಬಂದುಬಿಟ್ರೆ ಮತ್ತೆ ಹೊಸ ಟಿಕೆಟ್.

ಟಿಕೆಟ್ ಹೇಗೆ: ಕೌಂಟರ್‌ನಲ್ಲಿ ಹೋಗಬೇಕಾದ ನಿಲ್ದಾಣದ ಹೆಸರು ಹೇಳಿದ್ರೆ ನಾಣ್ಯದ ಥರ ಟೋಕನ್ ಕೊಡ್ತಾರೆ. ಒಳಗೆ ಹೋಗುವಾಗ ಗೇಟಿನ ಮೇಲೆ ಮುಟ್ಟಿಸಬೇಕು, ಹೊರಗೆ ಬರುವಾಗ ತೂತಿನೊಳಗೆ ಹಾಕಬೇಕು. ಅಲ್ಲಿವರೆಗೂ ಜೋಪಾನ, ಕಳೆದ್ರೆ ದಂಡ. ಸ್ಮಾರ್ಟ್‌ಫೋನ್ ಇರೋರು ನಮ್ಮ ಮೆಟ್ರೋ ಆ್ಯಪ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಟಿಕೆಟ್ ತಗೋಬಹುದು, ಸಾಲಿನಲ್ಲಿ ನಿಲ್ಲೋದು ತಪ್ಪುತ್ತೆ. ತಿಂಗಳಿಗೆ ಎರಡು ಮೂರು ಸಲ ಮಾಲಿಗೆ ಹೋಗೋ ಅಂಗಡಿಯವರು ಸ್ಮಾರ್ಟ್ ಕಾರ್ಡ್ ಮಾಡಿಸ್ಕೊಂಡ್ರೆ ದರದಲ್ಲಿ ಶೇ. 5 ರಿಯಾಯಿತಿ ಇದೆ.

ದರ: 2025ರ ಫೆಬ್ರುವರಿಯಲ್ಲಿ ಪರಿಷ್ಕರಣೆ ಆದ ಮೇಲೆ ಕನಿಷ್ಠ 10 ರೂ., ಗರಿಷ್ಠ 90 ರೂ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ.

ಟೈಂ: ಮಾಮೂಲಿ ದಿನ ಬೆಳಗ್ಗೆ 5 ಗಂಟೆಗೆ ಶುರು. ಭಾನುವಾರ 7 ಗಂಟೆಗೆ. ಊರಿಂದ ವಾಪಸ್ ಬರೋರ ರಶ್ ನೋಡಿ 2025ರ ಜನವರಿಯಿಂದ ಸೋಮವಾರ ಮಾತ್ರ ಹಸಿರು, ನೇರಳೆ ಮಾರ್ಗದಲ್ಲಿ ಬೆಳಗ್ಗೆ 4:15ಕ್ಕೇ ಶುರು ಮಾಡಿದ್ರು. ರಾತ್ರಿ ಹನ್ನೊಂದರ ನಂತರ ಮೆಟ್ರೋ ನಂಬ್ಕೊಂಡು ಕೂರಬೇಡಿ.

ಲಗೇಜು: ಅಂಗಡಿಯವರು ಇದನ್ನ ಸರಿಯಾಗಿ ಓದಿ. ಬ್ಯಾಗಿನ ಅಳತೆ 60 ಸೆಂ.ಮೀ. ಉದ್ದ, 45 ಅಗಲ, 25 ಎತ್ತರ, ತೂಕ 15 ಕೆ.ಜಿ. ಒಳಗಿರಬೇಕು. ಅದಕ್ಕಿಂತ ದೊಡ್ಡದಾದ್ರೆ 30 ರೂ. ಲಗೇಜ್ ಟಿಕೆಟ್ ಕೇಳ್ತಾರೆ, ತುಂಬಾ ದೊಡ್ಡ ಮೂಟೆ ಬಿಡೋದೇ ಇಲ್ಲ. ಎಲ್ಲಾ ಬ್ಯಾಗೂ ಸ್ಕ್ಯಾನ್ ಮಷಿನ್‌ಗೆ ಹಾಕಬೇಕು. ಚಾಕು, ಮಚ್ಚು, ಪಟಾಕಿ, ಸೀಮೆಎಣ್ಣೆ, ಪೇಂಟ್ ಥಿನ್ನರ್ ಥರದ್ದು ಇದ್ರೆ ವಾಪಸ್ ಕಳಿಸ್ತಾರೆ. ಹಾರ್ಡ್‌ವೇರ್ ಅಂಗಡಿಯವರು ಇಂಥ ಮಾಲು ತಗೊಂಡ್ರೆ ಮೆಟ್ರೋ ಮರೆತುಬಿಡಿ.

ಒಳಗೆ ತಿನ್ನೋದು, ಉಗುಳೋದು ಇಲ್ಲ. ಜೇಬಲ್ಲಿ ಗುಟ್ಕಾ ಇಟ್ಕೊಂಡೋರು ತಪಾಸಣೆಯಲ್ಲಿ ಸಿಕ್ಕಿಹಾಕ್ಕೊಳ್ತಾರೆ.

ಬಟ್ಟೆ ನೋಡಿ ತಡೆಯೋ ಹಾಗಿಲ್ಲ

ಹಳ್ಳಿಯಿಂದ ಬಂದ ಕೆಲವರು ಮೆಟ್ರೋ ಅಂದ್ರೆ ಹಿಂಜರೀತಾರೆ. ಪಂಚೆ, ತಲೆ ಮೇಲೆ ಗಂಟು, ಹೊಲದ ಚಪ್ಪಲಿ ನೋಡಿ ಒಳಗೆ ಬಿಡ್ತಾರೋ ಇಲ್ಲವೋ ಅನ್ನೋ ಅಳುಕು. ಅದಕ್ಕೆ ಕಾರಣವೂ ಇದೆ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆ ಮೇಲೆ ಬಟ್ಟೆ ಗಂಟು ಹೊತ್ತು ಬಂದ ರೈತರೊಬ್ಬರನ್ನ ಬಟ್ಟೆ ಕೊಳೆಯಾಗಿದೆ ಅಂತ ಒಳಗೆ ಬಿಡಲಿಲ್ಲ. ಅವರ ಕೈಯಲ್ಲಿ ಟಿಕೆಟ್ ಇತ್ತು. ಅಲ್ಲಿದ್ದ ಬೇರೆ ಪ್ರಯಾಣಿಕರೇ ಜಗಳ ಮಾಡಿ ಅವರನ್ನ ಒಳಗೆ ಕರ್ಕೊಂಡು ಹೋದ್ರು. ವಿಡಿಯೋ ಎಲ್ಲಾ ಕಡೆ ಹರಿದಾಡಿತು. ಮೆಟ್ರೋ ನಿಗಮ ವಿಷಾದ ವ್ಯಕ್ತಪಡಿಸಿ, ಭದ್ರತಾ ಮೇಲ್ವಿಚಾರಕನನ್ನ ಕೆಲಸದಿಂದ ತೆಗೀತು.

ಟಿಕೆಟ್ ಇದೆ, ಲಗೇಜು ಅಳತೆಯೊಳಗಿದೆ, ನಿಷೇಧಿತ ವಸ್ತು ಇಲ್ಲ ಅಂದ್ರೆ ಬಟ್ಟೆ ನೋಡಿ ಯಾರನ್ನೂ ತಡೆಯೋ ಹಾಗಿಲ್ಲ. ತಡೆದ್ರೆ ಸುಮ್ಮನೆ ವಾಪಸ್ ಬರಬೇಡಿ, ಸ್ಟೇಷನ್ ಕಂಟ್ರೋಲರ್‌ನ ಕರೆಸಿ ಅಂತ ಕೇಳಿ. ಅವರು ಪ್ರತಿ ನಿಲ್ದಾಣದಲ್ಲೂ ಇರ್ತಾರೆ.

ಯಾವ ಆಸ್ಪತ್ರೆಗೆ ಎಲ್ಲಿ ಇಳಿಯಬೇಕು?

ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಕಣ್ಣಿನ ಆಸ್ಪತ್ರೆ: ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣ. ಮೆಜೆಸ್ಟಿಕ್ ಆದ ಮೇಲೆ ಎರಡನೇದು. ಇಳಿದು ನಡೆದೇ ಹೋಗಬಹುದು. ಆಟೋ ಬೇಡ.

ಜಯದೇವ ಹೃದ್ರೋಗ ಆಸ್ಪತ್ರೆ: ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ ಹಳದಿಗೆ ಬದಲಾಯಿಸಿ. ಅಲ್ಲಿಂದ ಎರಡನೇ ನಿಲ್ದಾಣವೇ ಜಯದೇವ ಆಸ್ಪತ್ರೆ. ಗೊರಗುಂಟೆಪಾಳ್ಯದಿಂದ ಅಲ್ಲಿವರೆಗೂ ಒಂದೇ ಟಿಕೆಟ್.

ನಿಮ್ಹಾನ್ಸ್, ಕಿದ್ವಾಯಿ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ: ಇವೆಲ್ಲ ಡೈರಿ ಸರ್ಕಲ್, ಹೊಸೂರು ರಸ್ತೆ ಭಾಗದಲ್ಲಿ ಅಕ್ಕಪಕ್ಕ ಇವೆ. ಆದರೆ ಮೆಟ್ರೋ ಬಾಗಿಲಿಗೇ ಹೋಗಲ್ಲ. ಎರಡು ದಾರಿ. ಒಂದು, ಮೆಜೆಸ್ಟಿಕ್‌ನಲ್ಲಿ ಬಿಎಂಟಿಸಿ ಹತ್ತೋದು. ಬನ್ನೇರುಘಟ್ಟ ಕಡೆಯ 365 ಸರಣಿ, ಹೊಸೂರು ರಸ್ತೆಯ 356 ಸರಣಿ ಬಸ್ಸುಗಳು ಡೈರಿ ಸರ್ಕಲ್ ಕಡೆ ಹೋಗ್ತವೆ. ಹತ್ತುವಾಗ ಆಸ್ಪತ್ರೆ ಹೆಸರು ಹೇಳಿ ಕೇಳ್ಕೊಂಡೇ ಹತ್ತಿ. ಎರಡು, ಮೆಟ್ರೋದಲ್ಲಿ ಜಯನಗರ ಅಥವಾ ಸೌತ್ ಎಂಡ್ ಸರ್ಕಲ್‌ವರೆಗೆ ಹೋಗಿ ಅಲ್ಲಿಂದ ಆಟೋ. ರೋಗಿ ಜೊತೆಗಿದ್ದು ಬೆಳಗ್ಗೆ ಬೇಗ ಸೇರಬೇಕಾದ್ರೆ ಎರಡನೇದೇ ವಾಸಿ, ಆಟೋ ದೂರ ಕಡಿಮೆ ಆಗುತ್ತೆ.

ಬೌರಿಂಗ್: ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ. ಮೆಜೆಸ್ಟಿಕ್‌ನಿಂದ ಶಿವಾಜಿನಗರಕ್ಕೆ ಬಿಎಂಟಿಸಿ ಬಸ್ ಬೇಕಾದಷ್ಟಿವೆ.

ಬೊಮ್ಮಸಂದ್ರ ಕಡೆಯ ಹೃದಯ, ಕ್ಯಾನ್ಸರ್ ಆಸ್ಪತ್ರೆಗಳು: ಹಳದಿ ಮಾರ್ಗದ ಕೊನೆ ನಿಲ್ದಾಣ ಬೊಮ್ಮಸಂದ್ರ. ಮೊದಲು ಊರು ದಾಟೋಕೇ ಗಂಟೆಗಟ್ಟಲೆ ಬೇಕಿತ್ತು.

ವೈಟ್‌ಫೀಲ್ಡ್ ಸತ್ಯಸಾಯಿ ಆಸ್ಪತ್ರೆ: ನೇರಳೆ ಮಾರ್ಗದಲ್ಲಿ ಆಸ್ಪತ್ರೆ ಹೆಸರಿನದ್ದೇ ನಿಲ್ದಾಣ ಇದೆ.

ಮಾಲಿಗೆ ಹೋಗೋ ಅಂಗಡಿಯವರಿಗೆ

ಚಿಕ್ಕಪೇಟೆ ನಿಲ್ದಾಣ: ಬಟ್ಟೆ, ಸೀರೆ, ಅವೆನ್ಯೂ ರಸ್ತೆಯ ಪುಸ್ತಕ, ಸುಲ್ತಾನ್‌ಪೇಟೆಯ ಮದುವೆ ಕಾರ್ಡು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಸಾಮಾನು. ಎಲ್ಲಾ ನಡೆಯೋ ದೂರ.

ಕೆ.ಆರ್. ಮಾರ್ಕೆಟ್ ನಿಲ್ದಾಣ: ಹೂವು, ಹಣ್ಣು, ತರಗುಪೇಟೆಯ ಕಾಳುಕಡ್ಡಿ, ಸಾಂಬಾರ ಪದಾರ್ಥ. ಎಲೆಕ್ಟ್ರಾನಿಕ್ಸ್, ಮೊಬೈಲ್, ಕಂಪ್ಯೂಟರ್ ಬಿಡಿಭಾಗದ ಎಸ್.ಪಿ. ರಸ್ತೆಗೂ, ಗಾಡಿ ಸ್ಪೇರ್ಸ್‌ನ ಜೆ.ಸಿ. ರಸ್ತೆಗೂ ಇಲ್ಲಿಂದ ಸ್ವಲ್ಪ ನಡೆದ್ರೆ ಸಾಕು.

ಯಶವಂತಪುರ ಎಪಿಎಂಸಿ ಯಾರ್ಡ್: ಊರೊಳಗೆ ಹೋಗಲೇಬೇಡಿ. ಗೊರಗುಂಟೆಪಾಳ್ಯ ಅಥವಾ ಯಶವಂತಪುರದಲ್ಲೇ ಇಳೀರಿ.

ಪೀಣ್ಯ ಕೈಗಾರಿಕಾ ಪ್ರದೇಶ: ಪೀಣ್ಯ ಇಂಡಸ್ಟ್ರಿ ಅಥವಾ ಪೀಣ್ಯ ನಿಲ್ದಾಣ.

ಭಾನುವಾರ ಚಿಕ್ಕಪೇಟೆ, ಎಸ್.ಪಿ. ರಸ್ತೆಯಲ್ಲಿ ಹೆಚ್ಚಿನ ಸಗಟು ಅಂಗಡಿ ಬಾಗಿಲು ಹಾಕಿರುತ್ತೆ. ಹೋಗಿ ನೋಡ್ಕೊಂಡು ಬರೋ ಕೆಲಸ ಆಗುತ್ತೆ.

ಹೋಗುವಾಗ ಖಾಲಿ ಕೈ, ಆಗ ಮೆಟ್ರೋ ಸರಿ. ಬರುವಾಗ ಮಾಲಿರುತ್ತೆ, ಆಗ ಲೆಕ್ಕ ಬೇರೆ. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಒಬ್ಬರಿಗೆ 30 ಕೆ.ಜಿ.ವರೆಗೆ ಲಗೇಜು ಉಚಿತ, ಮಕ್ಕಳ ಟಿಕೆಟ್‌ಗೆ 15 ಕೆ.ಜಿ. ಅದರ ಮೇಲಿನದ್ದಕ್ಕೆ ಲಗೇಜ್ ಟಿಕೆಟ್ ಮಾಡಿಸಬೇಕು. ಹಾಗಾಗಿ ಮಾಲು ಇರೋರು ಚಿಕ್ಕಪೇಟೆಯಿಂದ ಆಟೋದಲ್ಲಿ ಮೆಜೆಸ್ಟಿಕ್‌ಗೆ ಬಂದು ಹೊರಡೋ ಜಾಗದಲ್ಲೇ ಬಸ್ ಹತ್ತೋದು ಒಳ್ಳೇದು, ಮೂಟೆ ಇಡೋಕೆ ಜಾಗ ಸಿಗುತ್ತೆ. ಇನ್ನೂ ಹೆಚ್ಚು ಮಾಲು ಇದ್ರೆ ಲಾರಿ ಟ್ರಾನ್ಸ್‌ಪೋರ್ಟ್ ಅಥವಾ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಸೇವೆಯಲ್ಲಿ ಬುಕ್ ಮಾಡಿ, ನೀವು ಕೈ ಬೀಸ್ಕೊಂಡು ಬರಬಹುದು.

ಸರ್ಕಾರಿ ಕಚೇರಿ, ಕೋರ್ಟು

ವಿಧಾನಸೌಧ, ವಿಕಾಸಸೌಧ, ಬಹುಮಹಡಿ ಕಟ್ಟಡ, ಹೈಕೋರ್ಟ್, ಉದ್ಯೋಗಸೌಧ: ಎಲ್ಲಾ ಒಂದೇ ಕಡೆ. ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ವೈಟ್‌ಫೀಲ್ಡ್ ಕಡೆಯ ರೈಲಲ್ಲಿ ಎರಡನೇ ನಿಲ್ದಾಣ. ಹೆಸರು ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. ಕೆಪಿಎಸ್‌ಸಿ ಕೆಲಸಕ್ಕೆ ಬರೋ ಹುಡುಗರೂ ಇಲ್ಲೇ ಇಳೀಬೇಕು.

ಬಿಎಂಟಿಸಿ ಬಸ್: ನಂಬರ್ ನೋಡಿ, ದಿಕ್ಕು ಕೇಳಿ

ಮೆಟ್ರೋ ಇಲ್ಲದ ಕಡೆಗೆ ಬಿಎಂಟಿಸಿನೇ ಗತಿ. ಮೆಜೆಸ್ಟಿಕ್‌ನಲ್ಲಿ ಒಂದು ಕಡೆ ಕೆಎಸ್‌ಆರ್‌ಟಿಸಿ, ಇನ್ನೊಂದು ಕಡೆ ಬಿಎಂಟಿಸಿ. ಪ್ಲಾಟ್‌ಫಾರಂ ಮೇಲೆ ಯಾವ ಕಡೆ ಬಸ್ ನಿಲ್ಲುತ್ತೆ ಅಂತ ಬೋರ್ಡ್ ಇರುತ್ತೆ. ಬಸ್ ಮೇಲೆ ಕೆಬಿಎಸ್ ಅಂತಿದ್ರೆ ಮೆಜೆಸ್ಟಿಕ್ ಅಂತ ಅರ್ಥ.

ಒಂದೇ ನಂಬರ್‌ಗೆ ಬೇರೆ ಬೇರೆ ಅಕ್ಷರ ಸೇರಿದ್ರೆ ದಾರಿ ಸ್ವಲ್ಪ ಬದಲಾಗುತ್ತೆ. ನಂಬರ್ ಒಂದನ್ನೇ ನೋಡಿ ಹತ್ತಬೇಡಿ, ಇಳಿಯೋ ಜಾಗದ ಹೆಸರು ಹೇಳಿ ಕೇಳಿ. ರಸ್ತೆ ಬದಿ ಸ್ಟಾಪಲ್ಲಿ ಯಾವ ದಿಕ್ಕಿಗೆ ಹೋಗೋ ಬಸ್ ಅನ್ನೋದನ್ನೂ ಕೇಳಿ. ಎದುರುಗಡೆ ನಿಂತು ಹತ್ತಿದ್ರೆ ವಾಪಸ್ ಮೆಜೆಸ್ಟಿಕ್‌ಗೇ ಬರ್ತೀರಿ. ನಮ್ಮ ಬಿಎಂಟಿಸಿ ಆ್ಯಪ್‌ನಲ್ಲಿ ಬಸ್ ಎಲ್ಲಿದೆ ಅಂತ ನೋಡಬಹುದು.

ದರ: 2025ರ ಜನವರಿಯಲ್ಲಿ ಶೇ. 15 ಹೆಚ್ಚಾದ ಮೇಲೆ ಸಾಮಾನ್ಯ ಬಸ್ಸಿನ ಕನಿಷ್ಠ ಟಿಕೆಟ್ 6 ರೂ. ಎಸಿ ಇಲ್ಲದ ಬಸ್ಸುಗಳ ದಿನದ ಪಾಸು 80 ರೂ. ಮೂರು ನಾಲ್ಕು ಕಡೆ ಓಡಾಡಬೇಕಾದ ಗಂಡಸರಿಗೆ ದಿನದ ಪಾಸು ಲಾಭ. ಚಿಲ್ಲರೆ ಇಟ್ಕೊಂಡಿರಿ. ಫೋನ್‌ಪೇ, ಗೂಗಲ್‌ಪೇಗೆ ಬಸ್ಸಲ್ಲಿ ಕ್ಯೂಆರ್ ಇರುತ್ತೆ, ಆದ್ರೆ ರಶ್ಶಲ್ಲಿ ನೆಟ್‌ವರ್ಕ್ ಕೈ ಕೊಟ್ರೆ ಕಷ್ಟ.

ಶಕ್ತಿ ಯೋಜನೆ: 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ ಉಚಿತ. ಬಿಎಂಟಿಸಿಯಲ್ಲೂ ನಡೆಯುತ್ತೆ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಶೂನ್ಯ ಟಿಕೆಟ್ ಕೇಳಿ ತಗೊಳ್ಳಿ. ಉಚಿತ ತಾನೇ ಅಂತ ಟಿಕೆಟ್ ಇಲ್ಲದೆ ಕೂತು ತಪಾಸಣೆಯವರು ಬಂದ್ರೆ ಉತ್ತರ ಹೇಳೋದು ಕಷ್ಟ. ಎಸಿ ವಜ್ರ, ವಿಮಾನ ನಿಲ್ದಾಣದ ವಾಯುವಜ್ರ, ರಾಜಹಂಸ, ಐರಾವತಕ್ಕೆ ಶಕ್ತಿ ಇಲ್ಲ.

ವಿಮಾನ ನಿಲ್ದಾಣಕ್ಕೆ ಹೋಗೋರಿಗೆ ಮೆಜೆಸ್ಟಿಕ್‌ನಿಂದ ಕೆಐಎ-9 ವಾಯುವಜ್ರ ಬಸ್ ಇದೆ. ದುಬೈ, ಮಸ್ಕತ್‌ಗೆ ಹೋಗೋ ಮಕ್ಕಳನ್ನ ಬಿಡೋಕೆ ಬರೋರು ದೊಡ್ಡ ಬ್ಯಾಗು ಇಟ್ಕೊಂಡು ಇದರಲ್ಲೇ ಹೋಗಬಹುದು.

ಆಟೋ: ಲೆಕ್ಕ ಗೊತ್ತಿರಲಿ

2025ರ ಆಗಸ್ಟ್ 1ರಿಂದ ಬೆಂಗಳೂರಲ್ಲಿ ಸರ್ಕಾರಿ ಮೀಟರ್ ದರ ಹೀಗಿದೆ:

ಮೊದಲ 2 ಕಿ.ಮೀ.ಗೆ 36 ರೂ.
ಆಮೇಲೆ ಪ್ರತಿ ಕಿ.ಮೀ.ಗೆ 18 ರೂ.
ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು.
ಕಾಯೋದಕ್ಕೆ ಮೊದಲ 5 ನಿಮಿಷ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂ.
ಲಗೇಜು 20 ಕೆ.ಜಿ.ವರೆಗೆ ಉಚಿತ, ಮೇಲೆ 10 ರೂ.

ಲೆಕ್ಕ ಹಾಕೋದು ಸುಲಭ. 3 ಕಿ.ಮೀ. ಅಂದ್ರೆ 36 ಮತ್ತೆ 18, ಒಟ್ಟು 54 ರೂ. 6 ಕಿ.ಮೀ. ಅಂದ್ರೆ 36 ಮತ್ತೆ 72, ಒಟ್ಟು 108 ರೂ. ಸಂಖ್ಯೆ ಬಾಯಲ್ಲಿದ್ರೆ 3 ಕಿ.ಮೀ.ಗೆ 200 ಕೇಳಿದಾಗ ಸುಮ್ಮನೆ ಕೊಡೋ ಪ್ರಸಂಗ ಬರಲ್ಲ.

ಮೀಟರ್ ಹಾಕೋ ಆಟೋ ಸಿಗೋದು ಕಷ್ಟ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ. ಬಸ್ ಇಳಿದ ಜಾಗದಲ್ಲೇ "ಎಲ್ಲಿಗೆ ಸಾರ್" ಅಂತ ಕೈ ಹಿಡಿದು ಬ್ಯಾಗ್ ಎಳೆಯೋರ ಜೊತೆ ಹೋಗಬೇಡಿ. ಮೆಜೆಸ್ಟಿಕ್, ರೈಲು ನಿಲ್ದಾಣದ ಹತ್ತಿರ ಪ್ರೀಪೇಯ್ಡ್ ಆಟೋ ಕೌಂಟರ್ ತೆರೆದಿದ್ರೆ ಅಲ್ಲಿ ಚೀಟಿ ತಗೊಳ್ಳಿ. ಇಲ್ಲಾಂದ್ರೆ ನಮ್ಮ ಯಾತ್ರಿ, ರ‍್ಯಾಪಿಡೋ, ಓಲಾ, ಊಬರ್ ಆ್ಯಪ್‌ನಲ್ಲಿ ಮೊದಲು ದರ ನೋಡ್ಕೊಳ್ಳಿ. ಹತ್ತೋದಕ್ಕೆ ಮುಂಚೆ ಗಾಡಿ ನಂಬರ್ ಫೋಟೋ ತೆಗೆದು ಮನೆಯವರಿಗೆ ಕಳಿಸಿ. ಒಟಿಪಿ ಹೇಳೋದು ಗಾಡಿಯೊಳಗೆ ಕೂತ ಮೇಲೆ ಮಾತ್ರ.

"ಆ ಆಸ್ಪತ್ರೇಲಿ ಡಾಕ್ಟ್ರು ಇಲ್ಲ, ಒಳ್ಳೆ ಕಡೆ ಕರ್ಕೊಂಡು ಹೋಗ್ತೀನಿ", "ಆ ಅಂಗಡಿ ಮುಚ್ಚಿದೆ, ನಮ್ಮ ಪರಿಚಯದ ಹೋಲ್‌ಸೇಲ್ ಇದೆ" ಅಂತ ಯಾರಾದ್ರೂ ಹೇಳಿದ್ರೆ ಅದು ಕಮಿಷನ್ ಮಾತು. ಹೊರಟ ಕಡೆಗೇ ಹೋಗಿ.

ವಾಪಸ್ ಬರುವಾಗ

ಕೈಯಲ್ಲಿ ಲಗೇಜು ಇಲ್ಲದೆ, ನಿಂತ್ಕೊಂಡು ಬರೋಕೆ ರೆಡಿ ಇದ್ರೆ ಮೆಟ್ರೋದಲ್ಲಿ ಮಾದಾವರ ಕಡೆ ಹೋಗೋ ಹಸಿರು ರೈಲು ಹಿಡಿದು ಗೊರಗುಂಟೆಪಾಳ್ಯದಲ್ಲಿ ಇಳಿದು ಅಲ್ಲಿಂದ ಬಸ್ ಹತ್ತಬಹುದು. ಸಂಜೆ ಟ್ರಾಫಿಕ್ ತಪ್ಪುತ್ತೆ. ಆದರೆ ಸಂಜೆ ಬಸ್ಸುಗಳು ಮೆಜೆಸ್ಟಿಕ್‌ನಲ್ಲೇ ತುಂಬಿಕೊಂಡು ಬರೋದ್ರಿಂದ ಅಲ್ಲಿ ಸೀಟು ಸಿಗೋದು ಅನುಮಾನ. ಶನಿವಾರ ಸಂಜೆ, ಹಬ್ಬದ ಹಿಂದಿನ ದಿನ ಆಸೆನೇ ಬೇಡ. ಪಾವಗಡ, ಶಿರಾ, ತಿಪಟೂರು ಥರ ದೂರ ಹೋಗೋರು, ರೋಗಿ ಇರೋರು, ಮಾಲು ಇರೋರು ಮೆಜೆಸ್ಟಿಕ್‌ನಲ್ಲೇ ಹತ್ತಿ ಸೀಟು ಹಿಡೀಬೇಕು.

ತಾಲ್ಲೂಕಿಗೆ ನೇರ ಹೋಗೋ ಕೊನೆ ಬಸ್ ಎಷ್ಟು ಗಂಟೆಗೆ ಅಂತ ಬೆಳಗ್ಗೆ ಹೊರಡುವಾಗಲೇ ಊರಿನ ಡಿಪೋದಲ್ಲೋ ಕಂಡಕ್ಟರ್ ಹತ್ರನೋ ಕೇಳ್ಕೊಳ್ಳಿ. ತುಮಕೂರಿಗೆ ರಾತ್ರಿ ಎಷ್ಟೊತ್ತಾದ್ರೂ ಬಸ್ ಸಿಗುತ್ತೆ, ತುಮಕೂರಿನಿಂದ ಹಳ್ಳಿಗೆ ಸಿಗಲ್ಲ.

ಹೊರಡೋ ಮುಂಚೆ ಒಮ್ಮೆ ನೋಡಿ

ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಜೇಬಲ್ಲಿರಲಿ. ಕೆಎಸ್‌ಆರ್‌ಟಿಸಿಯಲ್ಲಿ 60 ವರ್ಷ ದಾಟಿದವರಿಗೆ ಟಿಕೆಟ್‌ನಲ್ಲಿ ಶೇ. 25 ರಿಯಾಯಿತಿ ಇದೆ, ಅದಕ್ಕೂ ಚೀಟಿ ಬೇಕು.

ಆಸ್ಪತ್ರೆಯ ಹಳೇ ಚೀಟಿ, ರಿಪೋರ್ಟು, ಬಿಪಿಎಲ್ ಕಾರ್ಡು ಒಂದೇ ಕವರ್‌ನಲ್ಲಿ ಹಾಕ್ಕೊಳ್ಳಿ.

ದುಡ್ಡು ಒಂದೇ ಕಡೆ ಇಡಬೇಡಿ. ಮೆಜೆಸ್ಟಿಕ್, ಮಾರ್ಕೆಟ್‌ನಲ್ಲಿ ಬಸ್ ಹತ್ತೋ ನೂಕುನುಗ್ಗಲಲ್ಲೇ ಜೇಬು ಕತ್ತರಿಸೋದು.

ಓದು ಬರದ ಹಿರಿಯರನ್ನ ಒಬ್ಬರನ್ನೇ ಕಳಿಸಬೇಕಾದ್ರೆ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಇಷ್ಟು ಬರೆದು ಕೊಡಿ: ಎಲ್ಲಿ ಇಳೀಬೇಕು, ಯಾವ ಬಣ್ಣದ ಮೆಟ್ರೋ, ಕೊನೆ ನಿಲ್ದಾಣದ ಹೆಸರು, ಮನೆಯವರ ಫೋನ್ ನಂಬರ್. ಚೀಟಿ ತೋರಿಸಿದ್ರೆ ಮೆಟ್ರೋ ಸಿಬ್ಬಂದಿನೋ, ಪಕ್ಕದಲ್ಲಿರೋ ಪ್ರಯಾಣಿಕರೋ ದಾರಿ ತೋರಿಸ್ತಾರೆ.

ತೊಂದರೆ ಆದ್ರೆ ಪೊಲೀಸ್‌ಗೆ 112, ರೈಲು ವಿಚಾರಕ್ಕೆ 139.

ದರ, ಟೈಂ ಆಗಾಗ ಬದಲಾಗ್ತಿರುತ್ತೆ. ಹೊರಡೋ ದಿನ ಕಂಡಕ್ಟರ್ ಹತ್ರ, ಮೆಟ್ರೋ ಕೌಂಟರ್‌ನಲ್ಲಿ ಇನ್ನೊಮ್ಮೆ ಕೇಳ್ಕೊಳ್ಳಿ.